ಹೊರಟ ಹೊತ್ತಿನಲ್ಲಿ ತೆಗೆಯದ ಹೆಸರು

ಆಪರೇಶನ್ನಿಗೆ ಕರೆದೊಯ್ಯುವ ಮೊದಲು ಅರಿವಳಿಕೆಯ ಡಾಕ್ಟರು ಒಂದಿಷ್ಟು ಪ್ರಶ್ನೆ ಕೇಳುತ್ತಾರೆ. ಬಿಪಿ ಇದೆಯೇ, ಶುಗರ್ ಇದೆಯೇ, ಅಲ್ಲಾಡುವ ಹಲ್ಲು ಇದೆಯೇ, ಹೀಗೆ. ನನ್ನ ಸರದಿಯಲ್ಲಿ ಅಂಥ ಒಂದು ಪ್ರಶ್ನೆಗೆ ನಮ್ಮವ್ವ ಸುಳ್ಳು ಹೇಳಿದಳು. ಆ ಸುಳ್ಳಿಗೆ ನನ್ನ ಜೀವ ಹೋಗಬೇಕಿತ್ತು, ಹೇಗೋ ಉಳಿಯಿತು. ಇದನ್ನೆಲ್ಲ ಬರೆಯುತ್ತೇನೆ ಎಂದಾಗ ಅವ್ವ ಹಸಿಮೆಣಸಿನಕಾಯಿಯ ತೊಟ್ಟು ಮುರಿಯುತ್ತ, "ಬರಿ. ನಾ ಸುಳ್ಳ ಹೇಳಿದ್ದೂ ಬರಿ. ಇಲ್ಲಂದ್ರ ಓದಿದವರಿಗೆ ಏನ ಉಪಯೋಗ?" ಎಂದಳು. ಹಾಗಾಗಿ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ನಾನು ಸುಮಂಗಲಾ. ಊರು ಮುಧೋಳದ ಹತ್ತಿರ. ಬ್ಯಾಂಕಿನ ನೌಕರಿ, ವರ್ಗಾವಣೆಯ ಮೇಲೆ ವರ್ಗಾವಣೆ. ಈಗ ಆರು ವರ್ಷದಿಂದ ನಾಸಿಕ್‌ನಲ್ಲಿ ಮನೆ, ಲಾಸಲಗಾಂವ್ ಶಾಖೆಯಲ್ಲಿ ಕೆಲಸ. ಗಂಡ ಪ್ರಕಾಶ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದಾರೆ. ಮಗಳು ಅನನ್ಯಾ ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ. ನಾನು ಸ್ವಲ್ಪ ಬಾಯಿಜೋರಿನವಳು. ಫಾರಂನಲ್ಲಿ ಒಂದು ಕಾಲಂ ಖಾಲಿ ಬಿಟ್ಟರೂ ಗಿರಾಕಿಯನ್ನು ವಾಪಸು ಕಳಿಸುತ್ತೇನೆ. ಅಂಥವಳ ಸ್ವಂತ ಫಾರಂನಲ್ಲೇ ಸುಳ್ಳು ಸೇರಿತಲ್ಲ, ಅದಕ್ಕೆ ಏನು ಹೇಳೋಣ.

ಕಾಯಿಲೆ ದೊಡ್ಡದೇನೂ ಆಗಿರಲಿಲ್ಲ. ಪಿತ್ತಕೋಶದಲ್ಲಿ ಕಲ್ಲು. ನಾಲ್ಕು ತಿಂಗಳು ಆ ನೋವನ್ನು ಶಾಖೆಯ ಎದುರಿನ ಹೋಟೆಲಿನ ಖಾರದ ಮಿಸಳ್ ಮೇಲೆ ಹಾಕುತ್ತ ತಳ್ಳಿದೆ. ಕೊನೆಗೆ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡಿತು. ಹೊಟ್ಟೆಗೆ ಸಣ್ಣ ತೂತು ಮಾಡುವ ದುರ್ಬೀನಿನ ಆಪರೇಶನ್, ಮೂರನೆಯ ದಿನ ಮನೆಗೆ ಎಂದರು. ರಜೆ ಹಾಕಿದೆ, ಹೋಗಿ ಬರುವ ಪ್ರವಾಸದ ಹಾಗೆ ಬ್ಯಾಗು ಕಟ್ಟಿದೆ.

ಹಿಂದಿನ ದಿನ ತಪಾಸಣೆಗೆ ಅವ್ವನೂ ಬಂದಳು. ಅರಿವಳಿಕೆಯ ಡಾಕ್ಟರು ಮಧ್ಯವಯಸ್ಸಿನ ಮರಾಠಿ ಹೆಣ್ಣುಮಗಳು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಪಟಪಟನೆ ಕೇಳುತ್ತ, ಟಿಕ್ ಮಾಡುತ್ತ ಬಂದವರು ಒಂದು ಕಡೆ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಘರಾತ್ ಕುಣಾಲಾ ಆಪರೇಶನ್‌ಚ್ಯಾ ವೇಳೀ ಕಾಹೀ ತ್ರಾಸ್ ಝಾಲಾ ಹೋತಾ ಕಾ?" ಮನೆಯಲ್ಲಿ ಯಾರಿಗಾದರೂ ಆಪರೇಶನ್ ಹೊತ್ತಿನಲ್ಲಿ ತೊಂದರೆ ಆಗಿತ್ತೇ ಎಂದು. ನನಗೆ ಗೊತ್ತಿರಲಿಲ್ಲ. ಅವ್ವನತ್ತ ತಿರುಗಿ ಕನ್ನಡದಲ್ಲಿ ಕೇಳಿದೆ.

ಅವ್ವ ಸೆರಗು ಸರಿಮಾಡಿಕೊಂಡಳು. "ನಮ್ಮ ಮನ್ಯಾಗ ಯಾರಿಗೂ ಏನೂ ಆಗಿಲ್ಲ. ಎಲ್ಲಾರೂ ಗಟ್ಟಿಮುಟ್ಟ ಅದಾರ ಅಂತ ಹೇಳು."

"ಕಾಹೀ ನಾಹೀ," ಏನೂ ಆಗಿಲ್ಲ ಎಂದೆ. ಅವರು ಬರೆದುಕೊಂಡರು.

ನನಗೊಬ್ಬ ಅಣ್ಣ ಇದ್ದ ಎಂಬುದು ನನಗೆ ಗೊತ್ತಿತ್ತು. ಬಸವರಾಜ. ನಾನು ಹುಟ್ಟುವ ಮೊದಲೇ ಜ್ವರ ಬಂದು ಹೋದ ಎಂದಷ್ಟೇ ಕೇಳಿದ್ದೆ. ಮನೆಯಲ್ಲಿ ಅವನ ಒಂದು ಫೋಟೋ ಕೂಡ ಇರಲಿಲ್ಲ, ಅವನ ಮಾತೂ ಬರುತ್ತಿರಲಿಲ್ಲ. ಅವನು ಆಪರೇಶನ್ ಟೇಬಲ್ಲಿನ ಮೇಲೆ ಸತ್ತಿದ್ದ ಎಂಬುದನ್ನು ನಲವತ್ತೈದನೆಯ ವಯಸ್ಸಿನಲ್ಲಿ, ಅದೇ ಬಗೆಯ ಟೇಬಲ್ಲಿನಿಂದ ಎದ್ದು ಬಂದಮೇಲೆ ನಾನು ತಿಳಿದುಕೊಂಡೆ.

ಮರುದಿನ ಏನಾಯಿತು ಎಂಬುದಕ್ಕೆ ನಾನು ಸಾಕ್ಷಿಯಲ್ಲ. ಮುಖಕ್ಕೆ ಮಾಸ್ಕ್ ಹಿಡಿದರು, ಆಮೇಲೆ ಏನೂ ಇಲ್ಲ. ಮುಂದಿನದೆಲ್ಲ ಅನನ್ಯಾ ಹೇಳಿದ್ದು. ಒಳಗೆ ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲವಂತೆ, ಥಿಯೇಟರಿನ ಬಾಗಿಲು ತೆರೆದು ನರ್ಸ್ ಒಬ್ಬಳು ಓಡಿದಳು. ಅವಳ ಹಿಂದೆ ಇನ್ನೊಬ್ಬಳು. ಬಕೆಟ್ಟಿನಲ್ಲಿ ಬರ್ಫ, ಐಸಿನ ಗಡ್ಡೆ, ಒಳಗೆ ಹೋಯಿತು. ಅದು ಸಾಲಲಿಲ್ಲ. ಹೊರಗಿಂದ ತರ್ರಿ ಎಂದು ಪ್ರಕಾಶರಿಗೆ ಹೇಳಿದರು. ಆಸ್ಪತ್ರೆಯ ಮುಂದೆ ಕಬ್ಬಿನ ಹಾಲು ಮಾರುವ ರಸವಂತಿ ಅಂಗಡಿ ಇದೆ. ಈ ಮನುಷ್ಯ ಅಲ್ಲಿಗೆ ಓಡಿ, ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಬರ್ಫದ ಗಡ್ಡೆಯನ್ನು ಎದೆಗೆ ಅವಚಿಕೊಂಡು ಬಂದರಂತೆ. ಶರ್ಟೆಲ್ಲ ಒದ್ದೆ.

ಬರ್ಫ ಒಳಗೆ ಹೋಗುವುದನ್ನು ಅವ್ವ ನೋಡುತ್ತಿದ್ದಳು. ಎರಡನೆಯ ಸಲ ಬರ್ಫ ಹೋದಾಗ ಎದ್ದು ನಿಂತಳು. ಅರಿವಳಿಕೆಯ ಡಾಕ್ಟರು ಫೋನು ಹಿಡಿದು ಹೊರಗೆ ಬಂದದ್ದೇ ತಡ, ಹೋಗಿ ಅವರ ಕೈ ಹಿಡಿದುಕೊಂಡಳು.

"ಮೈ ಸುಡಾಕತ್ತೈತೇನ ಯವ್ವಾ? ದವಡಿ ಕಚ್ಚಿಕೊಂಡೈತೇನ? ಮೈ ಕೊರಡ ಆಗೈತೇನ?"

ಡಾಕ್ಟರಿಗೆ ಭಾಷೆ ತಿಳಿಯಲಿಲ್ಲ. ಕೈ ಬಿಡಿಸಿಕೊಳ್ಳಲು ನೋಡಿದರು. ಅವ್ವ ಬಿಡಲಿಲ್ಲ. "ನನ್ನ ಮಗನಿಗೂ ಹಿಂಗ ಆಗಿತ್ತು. ಟೇಬಲ್ ಮ್ಯಾಲ. ಹಿಂಗ ಬರ್ಫ ಒಯ್ದಿದ್ರು. ಅಂವ ಉಳೀಲಿಲ್ಲ."

ಅನನ್ಯಾ ತನ್ನ ಜೀವನದಲ್ಲಿ ಎಂದೂ ಅಷ್ಟು ಬೇಗ ಕನ್ನಡ ಅರ್ಥಮಾಡಿಕೊಂಡಿರಲಿಲ್ಲವಂತೆ. "ಆಜೀ ಮ್ಹಣತೇ, ತಿಚ್ಯಾ ಮುಲಾಲಾ ಪಣ ಅಸಂಚ್ ಝಾಲಂ ಹೋತಂ. ಆಪರೇಶನ್ ಟೇಬಲಾವರ್. ತೋ ಗೇಲಾ," ಎಂದು ಅವ್ವನ ಮಾತನ್ನೇ ಮರಾಠಿಗೆ ತಿರುಗಿಸಿದಳು. ಡಾಕ್ಟರು ಒಂದು ಗಳಿಗೆ ಅವ್ವನ ಮುಖವನ್ನೇ ನೋಡಿದರು. ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಲೂ ನಿಲ್ಲಲಿಲ್ಲ. ಅನುಮಾನ ಅವರಿಗೆ ಮೊದಲೇ ಬಂದಿತ್ತು, ಗ್ಯಾಸು ನಿಲ್ಲಿಸಿಯೂ ಆಗಿತ್ತು. ಅವ್ವನ ಮಾತು ಆ ಅನುಮಾನವನ್ನು ಖಾತ್ರಿ ಮಾಡಿತು. ಅಲ್ಲಿಯೇ ಗೋಡೆಗೆ ಒರಗಿ ಒಂದಾದ ಮೇಲೆ ಒಂದು ಆಸ್ಪತ್ರೆಗೆ ಫೋನು ಹಚ್ಚಿದರು.

ಈ ತೊಂದರೆಗೆ ಇರುವುದು ಒಂದೇ ಮದ್ದು. ಅದನ್ನು ಎಲ್ಲರೂ ಇಟ್ಟುಕೊಂಡಿರುವುದಿಲ್ಲ, ಯಾಕೆಂದರೆ ಅದು ಬೇಕಾಗುವ ರೋಗಿ ಯಾವಾಗಲೋ ಒಬ್ಬರು. ಛತ್ರಪತಿ ಸಂಭಾಜಿನಗರದಲ್ಲಿ ಅವರ ಜೊತೆಗೆ ಓದಿದವರೊಬ್ಬರ ಬಳಿ ಇತ್ತು. ಯಾರು ತರುತ್ತೀರಿ ಎಂದರು. ಪ್ರಕಾಶ ನಮ್ಮ ಮಾಮಾನಿಗೆ ಫೋನು ಮಾಡಿದರು.

ಮಾಮಾ ಎಂದರೆ ಅವ್ವನ ತಮ್ಮ ಮಲ್ಲಪ್ಪ, ಅವ್ವನ ಒಡಹುಟ್ಟಿದವರಲ್ಲಿ ಉಳಿದಿರುವವನು ಅವನೊಬ್ಬನೇ. ಹುಡುಗನಾಗಿದ್ದಾಗ ಗೌಂಡಿ ಕೆಲಸಕ್ಕೆಂದು ಆ ಊರಿಗೆ ಹೋದವನು ಅಲ್ಲಿಯೇ ನೆಲೆನಿಂತ. ಈಗ ನಮ್ಮ ಕಡೆಯ ಇಪ್ಪತ್ತು ಮೂವತ್ತು ಮಂದಿಯ ಗ್ಯಾಂಗು ಕಟ್ಟಿಕೊಂಡು ಚಿಕಲಠಾಣಾದ ಕಾರ್ಖಾನೆಗಳ ಕಟ್ಟಡದ ಕೆಲಸ ಮಾಡಿಸುತ್ತಾನೆ. ಆ ಹೊತ್ತಿಗೆ ಸ್ಲ್ಯಾಬ್ ಹಾಕುವುದು ನಡೆದಿತ್ತು. ಸ್ಲ್ಯಾಬನ್ನು ನಡುವೆ ಬಿಟ್ಟು ಹೋಗುವವನು ಗೌಂಡಿಯೇ ಅಲ್ಲ ಎಂದು ಹುಡುಗರಿಗೆ ಬೈಯುವ ಮಾಮಾ, ಸ್ಲ್ಯಾಬನ್ನು ಅವರ ಮೇಲೆ ಬಿಟ್ಟು ಸಿಮೆಂಟಿನ ಕಾಲಿನಲ್ಲೇ ಪಿಕಪ್ ಹತ್ತಿದ. ಯೇವಲಾ ದಾಟಿ, ನಿಫಾಡ ದಾಟಿ ನಾಲ್ಕು ತಾಸಿನ ದಾರಿ. ಬಾಟಲಿ ಒಡೆದೀತೆಂದು ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದನಂತೆ. ಮಧ್ಯಾಹ್ನ ಮೂರೂವರೆಗೆ ಬಂದು ಮುಟ್ಟಿದ. ಆ ಮದ್ದು ಪುಡಿ, ಬೇಗ ಕರಗುವುದಿಲ್ಲ. ಐಸಿಯು ಬಾಗಿಲಿನ ಗಾಜಿನಿಂದ ಅನನ್ಯಾ ನೋಡಿದ್ದು ಇದು: ಡಾಕ್ಟರು, ನರ್ಸುಗಳು, ನೆಲ ಒರೆಸುವ ಹೆಂಗಸು ಸಹ, ಎಲ್ಲರೂ ಸಾಲಾಗಿ ನಿಂತು ಒಂದೊಂದು ಬಾಟಲಿ ಹಿಡಿದು ಅಲ್ಲಾಡಿಸುತ್ತಿದ್ದರು. ನನಗೆ ಹೆಸರೂ ಗೊತ್ತಿಲ್ಲದ ಜನ.

ಎರಡು ದಿನ ಬಿಟ್ಟು ಕಣ್ಣು ತೆರೆದೆ. ಮೊದಲು ಗೊತ್ತಾದದ್ದು ನೋವು. ಯಾರೋ ನನ್ನನ್ನು ಒರಳಿಗೆ ಹಾಕಿ ಕುಟ್ಟಿ ತೆಗೆದಂತೆ, ಕಣ್ಣಿನ ರೆಪ್ಪೆಯಿಂದ ಹಿಮ್ಮಡಿಯವರೆಗೆ ನೋವು. ದವಡೆ ತೆರೆಯಲು ಬರುತ್ತಿರಲಿಲ್ಲ. ಕೊಳವೆಯಲ್ಲಿ ಇಳಿಯುತ್ತಿದ್ದ ಮೂತ್ರ ಚಹಾ ಡಿಕಾಕ್ಷನ್ನಿನ ಬಣ್ಣ. ಕಲ್ಲು ತೆಗೆದಿರಾ ಎಂದು ಕೇಳಿದೆನಂತೆ. ಇಲ್ಲ, ಕಲ್ಲು ಹಾಗೇ ಇದೆ, ನೀವು ಇದ್ದೀರಲ್ಲ ಅದೇ ಸಾಕು ಎಂದರು ಡಾಕ್ಟರು.

ಅವರು ಹೇಳಿದ್ದನ್ನು ನಾನು ತಿಳಿದುಕೊಂಡಷ್ಟು ಹೇಳುತ್ತೇನೆ. ನಮ್ಮ ಸ್ನಾಯುವಿನ ಒಂದೊಂದು ಕಣದ ಒಳಗೂ ಕ್ಯಾಲ್ಸಿಯಂ ಕೂಡಿಟ್ಟ ಕೋಣೆ ಇರುತ್ತದೆ. ಬೇಕಾದಾಗ ಬೇಕಾದಷ್ಟು ಬಿಟ್ಟು, ಮತ್ತೆ ಒಳಗೆ ಸೆಳೆದುಕೊಂಡು ಬಾಗಿಲು ಮುಚ್ಚಬೇಕು. ನನ್ನಲ್ಲಿ ಆ ಬಾಗಿಲಿನ ಅಗಳಿ ಹುಟ್ಟಿನಿಂದಲೇ ಸಡಿಲ. ದಿನನಿತ್ಯಕ್ಕೆ ಏನೂ ತೊಂದರೆಯಿಲ್ಲ, ಆದರೆ ಕೆಲವು ಬಗೆಯ ಅರಿವಳಿಕೆ ಗ್ಯಾಸು ತಾಗಿದರೆ ಬಾಗಿಲು ತೆರೆದದ್ದು ತೆರೆದೇ ಇರುತ್ತದೆ. ಕ್ಯಾಲ್ಸಿಯಂ ಹರಿಯುತ್ತಲೇ ಇರುತ್ತದೆ, ಸ್ನಾಯು ಬಿಗಿದದ್ದು ಬಿಡುವುದಿಲ್ಲ, ಮೈ ಒಲೆಯಾಗುತ್ತದೆ. "ತುಮ್ಚ್ಯಾ ಲಾಸಲಗಾಂವ್‌ಚಂ ಮಾರ್ಕೆಟ್," ನಿಮ್ಮ ಲಾಸಲಗಾಂವಿನ ಈರುಳ್ಳಿ ಮಾರುಕಟ್ಟೆಯ ಹಾಗೆ ಎಂದರು ಅವರು. ಹರಾಜಿನ ದಿನ ಗೇಟು ಮುಚ್ಚಲು ಆಗದೆ ಟ್ರ್ಯಾಕ್ಟರುಗಳು ಒಂದರ ಮೇಲೊಂದು ನುಗ್ಗಿದರೆ ಏನಾದೀತು ಎಂದು. ದಿನಾ ಆ ಗೇಟಿನ ಮುಂದಿನಿಂದಲೇ ಓಡಾಡುವವಳು ನಾನು, ತಕ್ಷಣ ಅರ್ಥವಾಯಿತು.

ಆಮೇಲಿನ ದಿನಗಳು ಒಂದು ಅಂಕಿಯ ಸುತ್ತ ನಡೆದವು. ಸ್ನಾಯು ಒಡೆದರೆ ಅದರೊಳಗಿನ ಒಂದು ಕಿಣ್ವ ರಕ್ತಕ್ಕೆ ಸೋರುತ್ತದೆ. ಅದನ್ನು ಇಲ್ಲಿ ಸಿಪಿಕೆ ಎನ್ನುತ್ತಾರೆ. ಬೆಳಿಗ್ಗೆ ಆರಕ್ಕೆ ರಕ್ತ ತೆಗೆಯುವರು, ಹತ್ತಕ್ಕೆ ವರದಿ. ಆ ನಾಲ್ಕು ತಾಸು ಪ್ರಕಾಶ ಲಿಫ್ಟಿನ ಮುಂದಿನ ಕಬ್ಬಿಣದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅಂಕಿ ಇಳಿದರೆ ಕಿಡ್ನಿ ಉಳಿಯುತ್ತದೆ, ಏರಿದರೆ ಡಯಾಲಿಸಿಸ್. ಮೂರು ದಿನ ಇಳಿಯಲಿಲ್ಲ. ನನಗೆ ಹೆದರಿಕೆಯಾಯಿತು, ಬಹಳ ಹೆದರಿಕೆಯಾಯಿತು. ಅನನ್ಯಾಳ ಮದುವೆ, ಅದು ಇದು ಎಂಬ ದೊಡ್ಡ ಯೋಚನೆ ಯಾವುದೂ ಬರಲಿಲ್ಲ. ಫ್ರಿಜ್ಜಿನಲ್ಲಿ ಕಲಸಿಟ್ಟ ದೋಸೆ ಹಿಟ್ಟು ಹುಳಿಯಾಗಿರುತ್ತದೆ, ಯಾರೂ ಚೆಲ್ಲಿರುವುದಿಲ್ಲ ಎಂದು ಅತ್ತೆ. ನಾಲ್ಕನೆಯ ದಿನ ನರ್ಸ್ ದೂರದಿಂದಲೇ ಹೆಬ್ಬೆರಳನ್ನು ಕೆಳಗೆ ಮಾಡಿ ತೋರಿಸಿದಳು. ಇಳಿದಿತ್ತು.

ಜೀವ ಉಳಿದದ್ದು ಖಾತ್ರಿಯಾದ ಮೇಲೆ ಸಿಟ್ಟು ಬಂತು. ಮನೆಗೆ ಬಂದ ಮರುದಿನವೇ ಅವ್ವನನ್ನು ಕೇಳಿದೆ.

"ಡಾಕ್ಟರ್ ಬಾಯಿಬಿಟ್ಟ ಕೇಳಿದ್ರು. ನಾನೂ ಕೇಳಿದೆ. ಯಾಕ ಹೇಳಲಿಲ್ಲ?"

"ಹೊಂಟ ಹೊತ್ತಿನ್ಯಾಗ ಸತ್ತವರ ಹೆಸರ ತಗೀಬಾರದು."

"ನನ್ನ ಜೀವಕಿಂತ ನಿನ್ನ ಶಕುನ ದೊಡ್ಡದಾತೇನವ್ವಾ?"

ಅವ್ವ ಎದ್ದು ಒಳಗೆ ಹೋದಳು. ಆ ದಿನ ಊಟ ಮಾಡಲಿಲ್ಲ. ನಾನೂ ಸಮಾಧಾನ ಮಾಡಲಿಲ್ಲ. ನನಗೆ ಹೇಳುವ ಹಕ್ಕಿದೆ ಎಂದೇ ಅಂದುಕೊಂಡಿದ್ದೆ. ಎಂಟು ದಿನ ಒಂದೇ ಮನೆಯಲ್ಲಿ ಬೇಕಾದಷ್ಟೇ ಮಾತು: ಗುಳಿಗಿ ತಗೊಂಡಿ ಏನು, ಬಿಸಿನೀರು ಕಾದಾವು, ಅಷ್ಟೆ.

ನನಗೆ ಕೈ ಎತ್ತಲು ಆಗುತ್ತಿರಲಿಲ್ಲ. ತಲೆ ಬಾಚುವುದು ಅವ್ವನ ಕೆಲಸವಾಗಿತ್ತು. ಒಂದು ಮುಂಜಾನೆ ಬಾಲ್ಕನಿಯಲ್ಲಿ ನನ್ನ ಹಿಂದೆ ಕೂತು ಸಿಕ್ಕು ಬಿಡಿಸುತ್ತಿದ್ದವಳು ನಾನೇನೂ ಕೇಳದೆ ಹೇಳತೊಡಗಿದಳು. ಮುಖ ಕಾಣದಿದ್ದದ್ದು ಇಬ್ಬರಿಗೂ ಒಳ್ಳೆಯದೇ ಆಯಿತು.

"ಅಂವಗ ತೊಡಿಸಂದಿನ್ಯಾಗ ಹರ್ನಿಯಾ ಇತ್ತು. ಸಣ್ಣ ಆಪರೇಶನ್ ಅಂದಿದ್ರು. ಮುಂಜಾನಿಂದ ಏನೂ ಕೊಡಬ್ಯಾಡ್ರಿ ಅಂದ್ರು. ಹನ್ನೊಂದಾದ್ರೂ ಒಳಗ ಕರೀಲಿಲ್ಲ. ಹಸಿವಿ, ಹಸಿವಿ ಅಂತ ಅತ್ತ. ನಿಮ್ಮ ಅಜ್ಜಿ ಹೊರಗ ಹೋಗಿದ್ಲು. ಗಂಟಿನ್ಯಾಗ ರೊಟ್ಟಿ ಇತ್ತು. ಅರ್ಧ ಮುರದು, ಬೆಲ್ಲ ಹಚ್ಚಿ, ಸೆರಗಿನ್ಯಾಗ ಮುಚ್ಚಿ ತಿನಿಸಿದೆ."

ಹಣಿಗೆ ನಿಂತಿತು.

"ಸತ್ತ ಮ್ಯಾಲ ಬಾಯಾಗ ಬೆಲ್ಲದ ವಾಸನಿ ಬಂತಂತ. ನರ್ಸ್ ಹೇಳಿದ್ಲು. ಎಲ್ಲಾರಿಗೂ ಗೊತ್ತಾತು. ತಾಯಿನ ತುತ್ತ ಇಟ್ಟ ಕೊಂದ್ಲು ಅಂದ್ಲು ನಿಮ್ಮ ಅಜ್ಜಿ. ನಿಮ್ಮಪ್ಪ ಏನೂ ಅನಲಿಲ್ಲ. ಒಂದ ಮಾತ ಬೈದಿದ್ರ ಚಲೋ ಇತ್ತು. ಸಾಯೂತನಕ ಒಂದ ಮಾತ ಅನಲಿಲ್ಲ."

"ಅವ್ವಾ…"

"ಆ ಡಾಕ್ಟರಿಗೆ ಸತ್ತಾನ ಅಂತ ಹೇಳಿದ್ರ, ಹೆಂಗ ಸತ್ತ ಅಂತ ಕೇಳತಿದ್ಲು. ನಿನ್ನ ಮುಂದ ನಾ ಏನ ಹೇಳಲಿ? ಶಕುನ ಅಂದದ್ದು ಅರ್ಧಾ ಖರೇ. ಇನ್ನರ್ಧಾ ಇದು."

ತಿರುಗಿ ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತೆ. ಎಂಟು ದಿನದ ಹಿಂದೆ ಆಡಿದ ಮಾತಿಗೆ ನಾಚಿಕೆಯಾಯಿತು. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಆಗಲಿಲ್ಲ, ಈಗಲೂ ಆಗಿಲ್ಲ.

ಮುಂದಿನ ತಪಾಸಣೆಗೆ ಅವ್ವನನ್ನು ಕರೆದುಕೊಂಡೇ ಹೋದೆ. ಡಾಕ್ಟರಿಗೆ ರೊಟ್ಟಿಯ ಮಾತನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಅವ್ವನ ಹತ್ತಿರ ಎಳೆದುಕೊಂಡರು. ಹೊಟ್ಟೆಯಲ್ಲಿ ಅನ್ನವಿದ್ದರೆ ವಾಂತಿಯಾಗಿ ಉಸಿರಿಗೆ ಸಿಕ್ಕಬಹುದು, ಅದು ಬೇರೆ ಗಂಡಾಂತರ. ಮೈ ಕೊರಡಾಗಿ ಕೆಂಡದ ಹಾಗೆ ಕಾಯುವುದು ತಿಂದದ್ದರಿಂದ ಆಗುವುದಿಲ್ಲ. ಬಸವರಾಜ ಹೋದಾಗ ತಾವು ಅಲ್ಲಿ ಇರಲಿಲ್ಲ, ಆದರೂ ಮಗಳಿಗೆ ಆದದ್ದನ್ನು ನೋಡಿದ ಮೇಲೆ ತಮಗೆ ಸಂಶಯ ಉಳಿದಿಲ್ಲ ಎಂದರು. ನಾನು ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿದೆ. ಅವ್ವ ತಲೆಯಾಡಿಸಿದಳು. ರಿಕ್ಷಾದಲ್ಲಿ ಬರುವಾಗ, "ಚಲೋ ಮನಸಿನ ಹೆಣ್ಮಗಳು. ನನ್ನ ಸಮಾಧಾನಕ್ಕ ಹೇಳತಾಳ," ಎಂದಳು.

ಆಮೇಲೆ ರಕ್ತದ ಪರೀಕ್ಷೆ. ನನ್ನದು, ಅನನ್ಯಾಳದು, ಅವ್ವನದು ಮೂರೂ ದೂರದ ಲ್ಯಾಬಿಗೆ ಹೋದವು. ತಿಂಗಳ ಮೇಲೆ ವರದಿ ಬಂತು. ನನ್ನಲ್ಲಿದ್ದ ದೋಷ ಅನನ್ಯಾಳಲ್ಲೂ ಇತ್ತು. ಅವಳು ಒಂದು ದಿನ ಮಂಕಾಗಿದ್ದು, ಮರುದಿನ ಮೊಬೈಲಿನ ಮುಖಪರದೆಯ ಮೇಲೆ ಅದನ್ನು ಕೆಂಪಕ್ಷರದಲ್ಲಿ ಬರೆದುಕೊಂಡಳು. ಕೊನೆಯ ಹಾಳೆ ಅವ್ವನದು. ಅಪ್ಪನ ಕಡೆಯಿಂದ ಬಂದಿರಲಿ ದೇವರೇ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡಿದ್ದೆ. ಹಾಗಾಗಲಿಲ್ಲ.

"ನಂದ ಏನು?" ಎಂದು ಕೇಳಿದಳು.

ಸುಳ್ಳು ಹೇಳುವ ಆಸೆ ನನಗೂ ಆಯಿತು. ಎಷ್ಟು ಸುಲಭ ಅದು ಎಂದು ಆಗ ಗೊತ್ತಾಯಿತು. "ಹೌದವ್ವಾ," ಎಂದೆ.

"ಹಂಗಾದ್ರ ರೊಟ್ಟಿ ಅಲ್ಲ, ರಕ್ತ. ಎರಡೂ ನಂದ."

ಬಣ್ಣದ ಹಾಗೆ, ಮೂಗಿನ ಹಾಗೆ ಅದೂ ಬರುತ್ತದೆ, ಯಾರ ತಪ್ಪೂ ಅಲ್ಲ ಎಂದೆ. ಅವ್ವ ಕೇಳಿಸಿಕೊಂಡಳೋ ಇಲ್ಲವೋ. "ಮಲ್ಯಾಗೂ ಇರಬಹುದೇನು?" ಎಂದು ತಮ್ಮನ ಮಾತು ತೆಗೆದಳು. ಇರಬಹುದು ಎಂದೆ. "ರೇಣುಕಾಗ?"

ರೇಣುಕಾ ಮಾಮಾನ ಒಬ್ಬಳೇ ಮಗಳು. ತಾಯಿಯಿಲ್ಲದ ಹುಡುಗಿ. ಮಾಮಾ ಇರುವ ಊರಿನಲ್ಲಿಯೇ, ನಮ್ಮ ಕಡೆಯವರೇ ಆದ ಒಂದು ಮನೆಗೆ ಕೊಟ್ಟಿದ್ದರು. ಆಗ ಐದು ತಿಂಗಳ ಬಸುರಿ. ಬಿಪಿ ಏರುತ್ತಿತ್ತು, ಸಿಸೇರಿಯನ್ ಆಗಬಹುದು ಎಂದು ಡಾಕ್ಟರು ಹೇಳಿದ್ದರು. ಸಿಸೇರಿಯನ್ನಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಭಯವಿಲ್ಲ, ಆದರೆ ಅವಸರದಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸಬೇಕಾದರೆ ಯಾವ ಗ್ಯಾಸು ಕೊಡಬಾರದೆಂದು ಮೊದಲೇ ಗೊತ್ತಿರಬೇಕು. ಮಾಮಾನಿಗೆ ಫೋನು ಮಾಡಿ, ನೀನೂ ರೇಣುಕಾನೂ ಪರೀಕ್ಷೆ ಮಾಡಿಸಿಕೊಳ್ಳಿ, ಮಾಡಿಸದಿದ್ದರೂ ಡಾಕ್ಟರಿಗೆ ಹೇಳಿಬಿಡಿ ಎಂದೆ.

"ಸುಮವ್ವಾ, ನಿನಗ ಔಷಧ ತಂದವ ನಾನು. ನನಗ ಇದರ ಗಂಭೀರ ಗೊತ್ತಿಲ್ಲಂತ ತಿಳಿಬ್ಯಾಡ," ಎಂದ ಮಾಮಾ. "ಆದ್ರ ಆಕಿ ಬಸುರಿ. ಕುಬಸ ಆಗೂದೈತಿ. ಈ ಹೊತ್ತಿನ್ಯಾಗ ಸಾವಿನ ಮಾತ ಎತ್ತತಿಯಾ? ಬೀಗರಿಗೆ ಗೊತ್ತಾದ್ರ ರಕ್ತದಾಗ ದೋಷ ಇದ್ದ ಹುಡುಗಿ ಕೊಟ್ಟಾರ ಅಂತಾರ. ತಾಯಿ ಇಲ್ಲದ ಕೂಸು. ಹೆರಿಗಿ ಆದ ಮ್ಯಾಲ ನೋಡೂಣು."

"ಹೆರಿಗಿ ಆದ ಮ್ಯಾಲ ಏನ ಉಪಯೋಗ ಮಾಮಾ?"

ಫೋನು ಇಟ್ಟುಬಿಟ್ಟ. ರೇಣುಕಾಳಿಗೆ ಮಾಡಿದೆ. ಅಪ್ಪ ಆಣೆ ಹಾಕ್ಯಾನ ಅಕ್ಕಾ ಎಂದು ಅತ್ತಳು. ಆಸ್ಪತ್ರೆಗೆ ಅವಳ ಜೊತೆ ಹೋಗುವವರು ಅವಳ ಅತ್ತೆ, ಕೇಳಿದ್ದಕ್ಕೆ ಉತ್ತರ ಹೇಳುವವರೂ ಅವರೇ. ಅವಸರದ ಹೊತ್ತಿನಲ್ಲಿ ಈ ಹುಡುಗಿ ಬಾಯಿ ತೆರೆಯುವ ಸ್ಥಿತಿಯಲ್ಲಿ ಇರುತ್ತಾಳೋ ಇಲ್ಲವೋ. ಅತ್ತೆಗೆ ತಿಳಿಯದೆ ಕೆಲಸವಿಲ್ಲ ಎಂದು ನನಗೆ ಅನಿಸಿತು, ಆದರೆ ನನ್ನ ಜೀವ ಹೊತ್ತು ತಂದವನ ಮಾತು ಮೀರುವುದು ಹೇಗೆ ಎಂದು ಎರಡು ತಿಂಗಳು ಒದ್ದಾಡಿದೆ. ಬಾಯಿಜೋರಿನವಳು ಎಂದೆನಲ್ಲ, ಆ ಬಾಯಿ ಅಲ್ಲಿ ಬಿದ್ದುಹೋಯಿತು. ಆ ನಡುವೆ ನನ್ನ ಕಲ್ಲಿನ ಆಪರೇಶನ್ನೂ ಆಯಿತು. ಅದೇ ಡಾಕ್ಟರು, ಗ್ಯಾಸಿಲ್ಲದ ಬೇರೆ ಅರಿವಳಿಕೆ, ಪಕ್ಕದ ಮೇಜಿನ ಮೇಲೆ ಆ ಮದ್ದಿನ ಬಾಟಲಿಗಳ ಸಾಲು. ಕಣ್ಣು ಮುಚ್ಚುವವರೆಗೂ ಅವರು ನನ್ನ ಅಂಗೈ ಹಿಡಿದುಕೊಂಡೇ ಇದ್ದರು.

ಏಳನೆಯ ತಿಂಗಳಲ್ಲಿ ಕುಬಸ, ಎಂದರೆ ಸೀಮಂತ. ತವರಿನ ಕಡೆಯಿಂದ ಹಿರಿಯಳೆಂದರೆ ಅವ್ವ ಒಬ್ಬಳೇ, ಹೋಗದಿದ್ದರೆ ನಡೆಯುವುದಿಲ್ಲ. ಹಸಿರು ಸೀರೆ, ಕುಬಸದ ಕಣ, ಬಳೆ, ಐದು ಬಗೆಯ ಉಂಡಿ ಕಟ್ಟಿಕೊಂಡು ಹೋದೆವು. ಬೀಗತಿ, ರೇಣುಕಾಳ ಅತ್ತೆ ಗಂಗವ್ವ ಎತ್ತರದ, ಗಡಸು ದನಿಯ ಹೆಣ್ಣು. ಮನೆ ತುಂಬ ಅವರ ಹುಕುಂ ನಡೆಯುತ್ತಿತ್ತು. ರೇಣುಕಾಳನ್ನು ಮಣೆಯ ಮೇಲೆ ಕೂರಿಸಿ ಮುತ್ತೈದೆಯರು ಉಡಿ ತುಂಬಿದರು, ಆರತಿ ಮಾಡಿದರು. ಅವ್ವ ವಿಧವೆ, ಬಾಗಿಲ ಪಕ್ಕದಲ್ಲಿ ಕೂತಿದ್ದಳು. ಮಾಮಾ ಊಟ ಬಡಿಸುತ್ತ ಓಡಾಡುತ್ತಿದ್ದವನು ನಡುನಡುವೆ ನಮ್ಮಿಬ್ಬರ ಮೇಲೆ ಕಣ್ಣಿಡುತ್ತಿದ್ದ.

ಊಟವಾಗಿ ಎಲೆ ಅಡಿಕೆ ತಟ್ಟೆ ತಿರುಗುವಾಗ ಅವ್ವ ಎದ್ದಳು. ಹೋಗಿ ಗಂಗವ್ವನ ಮುಂದೆ ಕೂತಳು. ನನಗೆ ಮೊದಲೇ ಏನೂ ಹೇಳಿರಲಿಲ್ಲ.

"ಬೀಗತ್ಯಾರ, ಒಂದ ಮಾತ ಐತಿ. ಹೊತ್ತಲ್ಲದ ಹೊತ್ತು. ತಪ್ಪ ತಿಳಕೋಬ್ಯಾಡ್ರಿ."

"ಅಕ್ಕಾ!" ಎಂದ ಮಾಮಾ. ಕೈಯಲ್ಲಿ ನೀರಿನ ತಂಬಿಗೆ ಇತ್ತು. "ಅಕ್ಕಾ, ನಿನ್ನ ಕಾಲ ಬೀಳತೀನಿ, ಬ್ಯಾಡ."

"ನೀ ಸುಮ್ಮನಿರ ಮಲ್ಯಾ. ನಾ ಒಮ್ಮಿ ಸುಮ್ಮನಿದ್ದ ನೋಡೇನಿ." ಮತ್ತೆ ಗಂಗವ್ವನತ್ತ ತಿರುಗಿದಳು. "ನನಗ ಒಬ್ಬ ಮಗ ಇದ್ದ. ಬಸವರಾಜ. ಆಪರೇಶನ್ ಟೇಬಲ್ ಮ್ಯಾಲ ಸತ್ತ. ನಾ ಕದ್ದು ರೊಟ್ಟಿ ತಿನಿಸಿದ್ದೆ, ಅದಕ್ಕ ಸತ್ತ ಅಂತ ಇಷ್ಟ ವರ್ಷ ಮಂದಿ ಅಂದ್ರು, ನಾನೂ ಅಂದ್ಕೊಂಡೆ. ಅದಕ್ಕಲ್ಲ. ಅಂವಗ ಕೊಟ್ಟ ಔಷಧ ನಮ್ಮ ರಕ್ತಕ್ಕ ಆಗೂದಿಲ್ಲ. ಮೊನ್ನೆ ನನ್ನ ಮಗಳಿಗೂ ಹಂಗ ಆತು. ನಾ ಡಾಕ್ಟರ್ ಮುಂದ ಬಾಯಿಬಿಡಲಿಲ್ಲ, ಅದಕ್ಕ ಆತು. ಈ ಕೂಸಿಗೂ ನಮ್ಮ ರಕ್ತ ಬಂದಿರಬಹುದು. ನಾಳೆ ನಿಮ್ಮನ್ನ ಕೇಳತಾರ, ಮನ್ಯಾಗ ಯಾರಿಗರ ಹಿಂಗ ಆಗಿತ್ತೇನಂತ. ಹೌದು ಅನ್ರಿ. ಅವನ ಹೆಸರ ಹೇಳ್ರಿ."

ಮಣೆಯ ಮೇಲೆ ರೇಣುಕಾ ಹೊಸ ಹಸಿರು ಬಳೆಯ ಕೈಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮಾಮಾ ತಂಬಿಗೆ ಅಲ್ಲಿಯೇ ಇಟ್ಟು ಹೊರಗೆ ಹೋದ. ಯಾರೋ ಮುದುಕಿ, ಕುಬಸದ ಮನ್ಯಾಗ ಏನ ಮಾತಿದು ಎಂದು ಗೊಣಗಿದಳು. ಗಂಗವ್ವ ಆಕೆಯತ್ತ ನೋಡಿದ ನೋಟಕ್ಕೆ ಆ ಗೊಣಗು ನಿಂತಿತು.

"ನಾಡದು ಡಾಕ್ಟರ್ ಕಡೆ ಹೋಗೂದೈತಿ," ಎಂದರು ಗಂಗವ್ವ. ದನಿ ಗಡಸಾಗಿಯೇ ಇತ್ತು. "ನೀವ ಇಲ್ಲೇ ಇರ್ರಿ. ನೀವೂ ಬಂದು ಹೇಳ್ರಿ. ನನಗ ಇಷ್ಟೆಲ್ಲಾ ಹೇಳಾಕ ಬರೂದಿಲ್ಲ."

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರೇಣುಕಾಳಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡಿದರು. ಮದ್ದನ್ನು ಮೊದಲೇ ತರಿಸಿ ಇಟ್ಟಿದ್ದರು, ಬೇಕಾಗಲಿಲ್ಲ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಮಾಮಾ ಅವ್ವನ ಜೊತೆ ಮಾತಾಡಲು ಮಗುವಿಗೆ ಹೆಸರಿಡುವ ಬಾರಸದವರೆಗೂ ಕಾದ, ಈಗ ಮಾತಾಡುತ್ತಾನೆ. ಆದರೆ ನಾನು ಹೇಳಬೇಕೆಂದಿದ್ದು ಅದಲ್ಲ, ಆ ಕುಬಸದ ಮಧ್ಯಾಹ್ನದ ಮಾತು.

ಅವ್ವ ಹೇಳುವುದನ್ನು ಹೇಳಿ ಮುಗಿಸಿ, ಇನ್ನು ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ನೆಲಕ್ಕೆ ಕೈಯೂರಿದ್ದಳು. ಗಂಗವ್ವ ಎಲೆಗೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು, ಮಡಿಸಿ ಅವಳ ಕೈಗೆ ಕೊಟ್ಟರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಎಷ್ಟ ವರ್ಷದಂವ ಇದ್ದ್ರಿ ಅಕ್ಕಾರ?"

ಅಷ್ಟು ವರ್ಷದಲ್ಲಿ ಇದನ್ನು ಯಾರೂ ಅವ್ವನಿಗೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಏನು ತಿನ್ನಿಸಿದೆ, ಯಾಕೆ ತಿನ್ನಿಸಿದೆ, ಯಾಕೆ ಹೇಳಲಿಲ್ಲ ಎಂದೇ ಎಲ್ಲರೂ ಕೇಳಿದ್ದೆವು. ಅವ್ವ ಮಡಿಸಿದ ಎಲೆಯನ್ನು ಕೈಯಲ್ಲೇ ಹಿಡಿದುಕೊಂಡು ಗಂಗವ್ವನ ಮುಖ ನೋಡಿದಳು.

"ಆರ ತುಂಬಿ ಏಳರಾಗ ಬಿದ್ದಿದ್ದ್ರಿ," ಎಂದಳು. "ಎಡಚ ಇದ್ದ. ಎಷ್ಟ ಹೇಳಿದ್ರೂ ಎಡಗೈಲೆ ಉಣತಿದ್ದ. ಭಾಳ ಮಾತು. ಎಮ್ಮಿ ಕರಕ್ಕ ತನ್ನ ಅಂಗಿ ತೊಡಿಸಿ ಸಾಲಿಗೆ ಕರಕೊಂಡ ಹೋಗಿದ್ದ ಒಮ್ಮಿ…" ಹೇಳುತ್ತ ಹೇಳುತ್ತ ನಕ್ಕುಬಿಟ್ಟಳು. ಗಂಗವ್ವ ಚಾಪೆಯ ಮೇಲೆ ಇನ್ನಷ್ಟು ಹತ್ತಿರ ಸರಿದು ಕೂತು, "ಆಮ್ಯಾಲ?" ಎಂದರು.